ಗೂಢಾರ್ಥ ಮತ್ತು ಗುರುಮುಖ: ಶರೀಫರ ತತ್ವಪದಗಳನ್ನು ಕುರಿತು

ಅನುಭಾವದ ಗೂಢಾರ್ಥವನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆಗೆ ಎಲ್ಲ ಪರಂಪರೆಗಳ ಉತ್ತರವೂ ಒಂದೇ ಅಲ್ಲ. ಸ್ಪೇನಿನ ಕ್ರೈಸ್ತ ಅನುಭಾವಿ, ಶಿಲುಬೆಯ ಸಂತ ಯೋಹಾನ (1542–1591) ತನ್ನ ಕವಿತೆಗಳಿಗೆ ತಾನೇ ಗದ್ಯವ್ಯಾಖ್ಯಾನ ಬರೆದನು. ಜರ್ಮನ್ ಜನಭಾಷೆಯಲ್ಲಿ ಬೋಧಿಸಿದ ಎಕಾರ್ಟನ ಹಲವು ಹೇಳಿಕೆಗಳನ್ನು 1329ರಲ್ಲಿ ಪೋಪರು ಖಂಡಿಸಿದರು. ಅಲ್ಲಿ ಗೂಢಾರ್ಥವು ಬರಹಕ್ಕೂ ಧರ್ಮಪೀಠದ ವಿಚಾರಣೆಗೂ ಒಳಪಟ್ಟಿತು.

ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರ (1819–1889) ನೆಲೆ ಬೇರೆ. ಮುಸ್ಲಿಂ ಮನೆತನದ ಶರೀಫರಿಗೆ ಕಳಸದ ಬ್ರಾಹ್ಮಣ ಗೋವಿಂದಭಟ್ಟರು ಗುರುಗಳಾದರು. ಸೋರುವ ಮಾಳಿಗೆ, ಗುಡಗುಡಿ, ಕೋಡಗವನ್ನು ನುಂಗುವ ಕೋಳಿ ಮೊದಲಾದ ಪ್ರತಿಮೆಗಳು ಹಳ್ಳಿಯ ನಿತ್ಯಜೀವನದಿಂದಲೇ ಬಂದವು. ಅವುಗಳ ಒಳಾರ್ಥ ಮಾತ್ರ ಸಾಧನೆಗೆ ಸಂಬಂಧಿಸಿದ್ದು. ಅದೇ ತಾಲ್ಲೂಕಿನ ಬಾಡದ ಕನಕದಾಸರ ಮುಂಡಿಗೆಗಳಲ್ಲಿಯೂ ಇಂಥ ಒಗಟಿನ ನುಡಿಗಟ್ಟನ್ನು ಕಾಣಬಹುದು.

ಶರೀಫರ ಪದಗಳು ಬಾಯಿಂದ ಬಾಯಿಗೆ ಹರಿದವು. ವ್ಯಾಖ್ಯಾನವು ಗುರುಮುಖದಲ್ಲಿ, ಭಜನಾಮೇಳದಲ್ಲಿ ಉಳಿಯಿತು. ಆದ್ದರಿಂದಲೇ ಸೋರುವ ಮಾಳಿಗೆಯನ್ನು ಒಬ್ಬರು ದೇಹವೆಂದೂ ಇನ್ನೊಬ್ಬರು ಮನಸ್ಸೆಂದೂ ಅರ್ಥೈಸುವುದು ಸಾಧ್ಯವಾಗಿದೆ. ಈ ಬಹುತ್ವವು ದೋಷವಲ್ಲ, ಪರಂಪರೆಯ ಜೀವಾಳ. ಮುದ್ರಿತ ಪಾಠಕ್ಕೆ ಒಂದೇ ಅರ್ಥಸೂಚಿ ಜೋಡಿಸಿ ಬೋಧಿಸಿದರೆ ಪದ ಉಳಿದು ಅದರ ಸಾಧನಾಮಾರ್ಗ ಅಳಿಯುತ್ತದೆ. ಹಾಡುಗಾರರು ಹೇಳುವ ಅರ್ಥಗಳನ್ನೂ ಪಾಠಾಂತರಗಳಷ್ಟೇ ಎಚ್ಚರದಿಂದ ಸಂಪಾದಿಸಬೇಕಾಗಿದೆ.