ಕೈಯಿಂದ ಹೊತ್ತುವ ದೀಪ: ಒಂದು ವಿಜ್ಞಾನಪಾಠ

ನಮ್ಮ ಮಾಜಿ ವಿದ್ಯಾರ್ಥಿನಿಯರಲ್ಲಿ ಅನೇಕರು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ಸಂಸಾರ ನಡಿಸುತ್ತಿರುವರು. ಪಂಪಿನ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದಾಗ ಮನೆಯವರು ಸರಿಹೊತ್ತಿನಲ್ಲಿ ಕಬ್ಬಿಗೆ ನೀರು ಹಾಯಿಸಲು ಹೋಗಬೇಕಾಗುವದೆಂಬದು ಅವರಿಗೆ ತಿಳಿದ ಸಂಗತಿಯೇ. ಬದುವಿನ ಮೇಲೆ ಮಲಗಿದ ಹಾವು ಕತ್ತಲೆಯಲ್ಲಿ ಕಾಣುವದಿಲ್ಲ. ಆದದರಿಂದ ಕೈಯೊಳಗಿನ ಬ್ಯಾಟರಿ ನಡುದಾರಿಯಲ್ಲಿ ಆರಿಹೋದರೆ ಅದು ಸಣ್ಣ ಮಾತಲ್ಲ. ಈ ಕಾರಣದಿಂದಲೇ ನಾವು ಇಲ್ಲಿ ಹಿಡಿಕೆ ಹಿಚುಕಿ ಹೊತ್ತಿಸುವ ಟಾರ್ಚಿನ ವಿಷಯವನ್ನು ವಿವರಿಸುತ್ತೇವೆ.

ಒಬ್ಬ ವಿದ್ಯಾರ್ಥಿನಿಯು ಇಂಥದೊಂದು ಟಾರ್ಚನ್ನು ವರ್ಗಕ್ಕೆ ತಂದಳು. ಕೈ ನಿಂತ ಕೂಡಲೆ ಬೆಳಕೂ ನಿಲ್ಲುವದೆಂದು ಅವಳ ತಂದೆಯವರ ದೂರು. ಬಿಚ್ಚಿ ನೋಡಲಾಗಿ, ಒಳಗೆ ಹಲ್ಲಿನ ಗಾಲಿಗಳೂ, ಅವುಗಳಿಂದ ತಿರುಗುವ ಅಯಸ್ಕಾಂತವೂ, ತಾಮ್ರದ ತಂತಿಯ ಸುರುಳಿಯೂ, ಒಂದೇ ಒಂದು ಡಯೋಡೂ ಇದ್ದವು. ಸಂಗ್ರಹಕ್ಕೆಂದು ಇಟ್ಟದ್ದು ಗುಂಡಿಯಂಥ ಒಂದು ಲಿಥಿಯಂ ಸೆಲ್ಲು. ಅದು ಮರಳಿ ತುಂಬುವ ಜಾತಿಯದಲ್ಲ. ಅದರಲ್ಲಿ ಮೊದಲೇ ಇದ್ದ ಶಕ್ತಿ ತೀರಿದ ಮೇಲೆ ಕೈಯ ದುಡಿಮೆಯನ್ನು ಕೂಡಿಡುವ ಸ್ಥಳವೇ ಆ ಟಾರ್ಚಿನಲ್ಲಿ ಇರಲಿಲ್ಲ.

ಇದನ್ನು ತಿಳಿಯಲು ನಮ್ಮ ಘಟಪ್ರಭೆಯನ್ನೇ ನೋಡೋಣ. ಗೋಕಾಕ ಜಲಪಾತದಲ್ಲಿ ನೀರು ಸುಮಾರು ೫೨ ಮೀಟರು ಕೆಳಗೆ ಬೀಳುವದು. ಆ ಬಲದಿಂದ ನೂಲಿನ ಗಿರಣಿ ನಡಿಸುವ ಕೆಲಸ ೧೮೮೭ರಲ್ಲಿಯೇ ಆರಂಭವಾಯಿತು. ಆದರೆ ಮಳೆಗಾಲದಲ್ಲಿ ಭೋರ್ಗರೆಯುವ ಹೊಳೆ ಬೇಸಿಗೆಯಲ್ಲಿ ಎಳೆಯಾಗುವದು. ಆದದರಿಂದ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟಿ, ಸುಮಾರು ೫೧ ಟಿ.ಎಂ.ಸಿ. ನೀರು ನಿಲ್ಲುವಂತೆ ಮಾಡಿದರು. ಕೈಯ ಬಲವೂ ಹೊಳೆಯಂತೆಯೇ ಒಮ್ಮೆ ಉಕ್ಕಿ ಒಮ್ಮೆ ಸೊರಗುವದು. ಅದಕ್ಕೂ ಒಂದು ಕೆರೆ ಬೇಕು.

ಅಯಸ್ಕಾಂತವು ಸುರುಳಿಯ ಬಳಿ ತಿರುಗಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುವದೆಂಬದನ್ನು ಮೈಕೇಲ್ ಫ್ಯಾರಡೆಯವರು ೧೮೩೧ರಲ್ಲಿ ತೋರಿಸಿಕೊಟ್ಟರು. ಹೀಗೆ ಹುಟ್ಟಿದ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವದು. ಅದನ್ನು ಹಾಗೆಯೇ ಕೂಡಿಡಲಾಗದು. ಡಯೋಡು ಒಂದೇ ದಿಕ್ಕಿಗೆ ತೆರೆಯುವ ಬಾಗಿಲು. ಒಂದೇ ಡಯೋಡು ಇದ್ದಲ್ಲಿ ಅಲೆಯ ಅರ್ಧಭಾಗ ವ್ಯರ್ಥವಾಗುವದು. ನಾಲ್ಕನ್ನು ಸೇತುವೆಯಾಗಿ ಜೋಡಿಸಿದರೆ ಎರಡೂ ಅರ್ಧಗಳು ಉಪಯೋಗಕ್ಕೆ ಬರುವವು. ಸಾಮಾನ್ಯ ಸಿಲಿಕಾನ್ ಡಯೋಡು ಸುಮಾರು ೦.೭ ವೋಲ್ಟನ್ನು ತಾನೇ ನುಂಗುವದು. ಶಾಟ್ಕಿ ಎಂಬ ಜಾತಿಯದು ಸುಮಾರು ೦.೩ ಮಾತ್ರ. ಆದದರಿಂದ ನಾವು ಶಾಟ್ಕಿ ಡಯೋಡುಗಳನ್ನೇ ಆರಿಸಿದೆವು. ಇದು ಮೊದಲನೆಯ ತಿದ್ದುಪಡಿ.

ಎರಡನೆಯದು ಕೆರೆಯನ್ನು ಕಟ್ಟುವದು. ಗುಂಡಿಸೆಲ್ಲನ್ನು ತೆಗೆದು, ೧೦ ಫ್ಯಾರಡ್, ೨.೭ ವೋಲ್ಟಿನ ಎರಡು ಸೂಪರ್ ಕೆಪಾಸಿಟರುಗಳನ್ನು ಸಾಲಾಗಿ ಜೋಡಿಸಿದೆವು. ಸಾಲಿನಲ್ಲಿಟ್ಟರೆ ಎರಡೂ ಸೇರಿ ೫ ಫ್ಯಾರಡ್ ಆಗುವದು. ಫ್ಯಾರಡನ್ನು ವೋಲ್ಟಿನ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಕೂಡಿಟ್ಟ ಶಕ್ತಿ ಜೂಲುಗಳಲ್ಲಿ ದೊರೆಯುವದು. ೫ ವೋಲ್ಟಿನ ವರೆಗೆ ತುಂಬಿದರೆ ೬೨.೫ ಜೂಲು. ಕೈಯಿಂದ ಸೆಕೆಂಡಿಗೆ ಅರ್ಧ ಜೂಲಿನಂತೆ ಒಳಗೆ ಮುಟ್ಟಿದರೆ, ಬರಿದಾದ ಕೆರೆ ತುಂಬಲು ೧೨೫ ಸೆಕೆಂಡು ಬೇಕು. ಒತ್ತಡ ಮಿತಿಮೀರಿದರೆ ಕೆಪಾಸಿಟರು ಕೆಡುವದು. ಅದನ್ನು ತಡೆಯಲು ೫.೧ ವೋಲ್ಟಿನ ಝೀನರ್ ಡಯೋಡನ್ನು ಕೋಡಿಯಂತೆ ಇಡಬೇಕು. ಕೆಲಸಕ್ಕೆ ಕೈಹಚ್ಚುವ ಮೊದಲು, ಡೈನಮೋ ೬ ವೋಲ್ಟಿಗಿಂತ ಹೆಚ್ಚು ಕೊಡುವದೋ ಇಲ್ಲವೋ ಎಂದು ಅಳೆಯತಕ್ಕದ್ದು.

ಮೂರನೆಯದು ತೂಬಿನ ಅಳತೆ. ಬಿಳಿ ಎಲ್‌ಇಡಿಗೆ ಸುಮಾರು ೩ ವೋಲ್ಟು ಬೇಕು. ೧೦೦ ಓಮಿನ ತಡೆಯನ್ನು ನಡುವೆ ಇಟ್ಟರೆ ಆರಂಭದಲ್ಲಿ ೨೦ ಮಿಲಿಆಂಪಿಯರು ಹರಿಯುವದು. ಓಮನ್ನು ಫ್ಯಾರಡಿನಿಂದ ಗುಣಿಸಿದರೆ ೫೦೦ ಸೆಕೆಂಡು, ಅಂದರೆ ಎಂಟು ನಿಮಿಷಕ್ಕಿಂತ ತುಸು ಹೆಚ್ಚು. ಅಷ್ಟು ಹೊತ್ತಿನಲ್ಲಿ ಪ್ರವಾಹವು ಮೊದಲಿನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಮೇಲೆ ಉಳಿಯುವದು. ೩ ವೋಲ್ಟಿನಲ್ಲಿ ದೀಪ ಮಂಕಾದಾಗಲೂ ೨೨.೫ ಜೂಲು ತಳದ ನೀರಿನಂತೆ ಒಳಗೇ ಇರುವದು. ಕೆರೆಯಲ್ಲಿದ್ದ ನೀರೆಲ್ಲ ಹೊಲಕ್ಕೆ ಬರುವದಿಲ್ಲವಷ್ಟೆ!

ಇನ್ನು ಪ್ರಕಾಶ. ಇನ್ನೊಂದು ಎಲ್‌ಇಡಿಯನ್ನು ಬೇರೆ ೧೦೦ ಓಮಿನೊಡನೆ ಸೇರಿಸಿದರೆ ಬೆಳಕು ಇಮ್ಮಡಿಯಾಗುವದು. ಕಾಲವು ೨೫೦ ಸೆಕೆಂಡಿಗೆ ಇಳಿಯುವದು. ನಮ್ಮ ವರ್ಗದಲ್ಲಿ ಇದೇ ಚರ್ಚೆಯ ವಿಷಯವಾಯಿತು. ಕೆಲವರು ಹೆಚ್ಚು ಬೆಳಕನ್ನು ಬಯಸಿದರು. ಟಾರ್ಚು ತಂದವಳು, “ನಮ್ಮ ಅಪ್ಪಾರು ಹೊಲಾ ಮುಟ್ಟೂತನಕಾ ಉಳೀಬೇಕ್ರಿ,” ಎಂದಳು. ಕೊನೆಗೆ ಒಂದೇ ಎಲ್‌ಇಡಿಯನ್ನಿಟ್ಟು, ಹಳೆಯ ಟಾರ್ಚಿನ ಹೊಳಪಿನ ಬಟ್ಟಲನ್ನು ಅದರ ಹಿಂದೆ ಕೂಡ್ರಿಸಿದೆವು. ನಾಲ್ಕೂ ಕಡೆ ಚದರುತ್ತಿದ್ದ ಬೆಳಕು ಕಾಲ ಮುಂದಿನ ದಾರಿಯ ಮೇಲೆ ಬಿದ್ದಿತು. ಹೆಚ್ಚು ಶಕ್ತಿ ಖರ್ಚಾಗಲಿಲ್ಲ. ಇದ್ದದ್ದು ಬೇಕಾದಲ್ಲಿಗೆ ಹೋಯಿತು.

ಇದರ ಕುಂದನ್ನೂ ಹೇಳಬೇಕು. ಸೂಪರ್ ಕೆಪಾಸಿಟರು ಲಕ್ಷಗಟ್ಟಲೆ ಸಾರೆ ತುಂಬಿ ಬರಿದಾದರೂ ಬಾಳುವದು. ಆದರೆ ತುಂಬಿಟ್ಟದ್ದು ದಿನಗಳೆದಂತೆ ತಾನಾಗಿ ಸೋರುವದು. ಆದದರಿಂದ ಹೊರಡುವ ಮುಂಚೆ ಒಮ್ಮೆ ಹಿಚುಕಿಯೇ ಹೊರಡಬೇಕು. ತುಂಬಿದ ಕೆಪಾಸಿಟರಿನ ಎರಡು ತುದಿಗಳನ್ನು ನೇರವಾಗಿ ಕೂಡಿಸಬಾರದು, ಕಿಡಿ ಹಾರುವದು. ಧನ ಋಣ ತುದಿಗಳನ್ನು ಅದಲುಬದಲು ಮಾಡಲೂ ಬಾರದು.

ಹುಕ್ಕೇರಿಯ ಜನರು ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಸ್ಥಾಪಿಸಿ, ಮನೆಮನೆಗೆ ಬೆಳಕು ಮುಟ್ಟಿಸುವ ಕೆಲಸಕ್ಕೆ ತಾವೇ ಹೆಗಲು ಕೊಟ್ಟರು. ಅದರ ಮುಂದೆ ನಮ್ಮ ಪ್ರಯತ್ನ ಎಳ್ಳಿನಷ್ಟು. ಆದರೂ ಯಾವ ತಿದ್ದುಪಡಿಯೂ ಕೈ ಕೊಡದ ಶಕ್ತಿಯನ್ನು ಹುಟ್ಟಿಸಲಾರದು, ಸೋರುವದನ್ನು ತಡೆಯಬಲ್ಲದು ಮಾತ್ರ ಎಂಬದನ್ನು ನಮ್ಮ ಹುಡುಗಿಯರು ಅಳೆದು ಕಲಿತರು. ಮಾಜಿ ವಿದ್ಯಾರ್ಥಿನಿಯರೇ, ಪಾಲಕರೇ, ನಿಮ್ಮ ಮನೆಯ ಮೂಲೆಯಲ್ಲಿ ಇಂಥ ಟಾರ್ಚು ಬಿದ್ದಿದ್ದರೆ ಅದನ್ನು ಎಸೆಯಬೇಡಿರಿ. ಮಕ್ಕಳ ಸಂಗಡ ಕುಳಿತು ಒಮ್ಮೆ ಬಿಚ್ಚಿ ನೋಡಿರಿ.