ಸಾಕ್ಷ್ಯವನ್ನು ಅರಸಿದ ವಿದ್ವಾಂಸ

೧೯೧೯ನೆಯ ಇಸವಿ ಮೇ ೪ನೆಯ ದಿನ. ಪೀಕಿಂಗ್ ನಗರದಲ್ಲಿ ಸಾವಿರಾರು ವಿದ್ಯಾರ್ಥಿಗಳು ಮೆರವಣಿಗೆ ಹೊರಟಿದ್ದರು. ಚೀನಾದ ಷಾಂಡಾಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಪ್ಯಾರಿಸ್ಸಿನ ಶಾಂತಿ ಸಮ್ಮೇಳನವು ಜಪಾನಿಗೆ ಒಪ್ಪಿಸಿದುದೇ ಅವರ ಕೋಪಕ್ಕೆ ಕಾರಣ. ಮೆರವಣಿಗೆಯ ಮುಂದಾಳು ಅದೇ ಪ್ರಾಂತದಲ್ಲಿ ಹುಟ್ಟಿದ ತರುಣ, ಫು ಸಿನಿಯನ್.

ಫು ಅವರು ಜನಿಸಿದುದು ೧೮೯೬ರಲ್ಲಿ, ಲಿಯಾವೊಚೆಂಗ್ ಎಂಬ ಊರಿನಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರೂ ಅವರ ವಿದ್ಯಾಭ್ಯಾಸ ಕುಂಠಿತವಾಗಲಿಲ್ಲ. ಪೀಕಿಂಗ್ ವಿಶ್ವವಿದ್ಯಾನಿಲಯದಲ್ಲಿ ಕಲಿತು, ಮುಂದೆ ಲಂಡನ್ ಮತ್ತು ಬರ್ಲಿನ್ ನಗರಗಳಲ್ಲಿ ವ್ಯಾಸಂಗ ಮಾಡಿ, ೧೯೨೬ರಲ್ಲಿ ಸ್ವದೇಶಕ್ಕೆ ಮರಳಿದರು.

೧೯೨೮ರಲ್ಲಿ ಅವರು ಇತಿಹಾಸ ಮತ್ತು ಭಾಷಾಶಾಸ್ತ್ರಗಳ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು. ಇತಿಹಾಸಕಾರನು ಹಳೆಯ ಗ್ರಂಥಗಳನ್ನಷ್ಟೇ ನಂಬಿ ಕುಳಿತರೆ ಸಾಲದು. ನೆಲವನ್ನಗೆದು, ಕಡತಗಳನ್ನು ಶೋಧಿಸಿ ಹೊಸ ಸಾಕ್ಷ್ಯವನ್ನು ಪಡೆಯಬೇಕು ಎಂಬುದು ಅವರ ದೃಢಮತ. ಹಳೆಯ ಕಾಗದವೆಂದು ಮಾರಾಟವಾಗಿದ್ದ ಅರಮನೆಯ ದಾಖಲೆಗಳನ್ನು ೧೯೨೯ರಲ್ಲಿ ಸಂಸ್ಥೆಗಾಗಿ ಕೊಂಡು ಉಳಿಸಿದರು. ಆನ್‌ಯಾಂಗ್‌ನಲ್ಲಿ ೧೯೩೭ರವರೆಗೆ ೧೫ ಬಾರಿ ಉತ್ಖನನ ನಡೆಯಿತು. ೧೯೩೬ರಲ್ಲಿ ಒಂದೇ ಗುಂಡಿಯಿಂದ ಬರಹವುಳ್ಳ ಆಮೆಚಿಪ್ಪು ಹಾಗೂ ಮೂಳೆಗಳ ೧೭,೦೦೦ಕ್ಕೂ ಹೆಚ್ಚು ತುಣುಕುಗಳು ದೊರೆತವು. ಮೂರು ಸಾವಿರ ವರ್ಷಗಳ ಹಿಂದಿನ ಷಾಂಗ್ ಅರಸರ ಕಾಲವು ಕಟ್ಟುಕತೆಯಲ್ಲವೆಂದು ನೆಲವೇ ಸಾಕ್ಷಿ ನುಡಿಯಿತು.

ಅಷ್ಟರಲ್ಲಿ ಜಪಾನಿನ ಸೈನ್ಯ ಚೀನಾದ ಮೇಲೆ ಎರಗಿತು. ಕಷ್ಟಪಟ್ಟು ಕೂಡಿಸಿದ ಸಂಪತ್ತು ಶತ್ರುಗಳ ಪಾಲಾಗುವ ಸಂಭವವಿತ್ತು. ಸಂಸ್ಥೆಯವರು ಅದನ್ನು ಪೆಟ್ಟಿಗೆಗಳಲ್ಲಿ ತುಂಬಿ ಚಾಂಗ್‌ಷಾ, ಕುನ್‌ಮಿಂಗ್‌ಗಳ ಮಾರ್ಗವಾಗಿ ಸಿಚುವಾನ್ ಪ್ರಾಂತದ ಲಿಜುವಾಂಗ್ ಎಂಬ ಸಣ್ಣ ಊರಿಗೆ ಸಾಗಿಸಿ, ಅಲ್ಲಿಯೂ ಅಧ್ಯಯನವನ್ನು ಮುಂದುವರಿಸಿದರು.

೧೯೪೫ರಲ್ಲಿ ಯುದ್ಧವು ಮುಗಿದಾಗ ಫು ಅವರು ಪೀಕಿಂಗ್ ವಿಶ್ವವಿದ್ಯಾನಿಲಯದ ಹಂಗಾಮಿ ಕುಲಪತಿಗಳಾದರು. ಆಕ್ರಮಣಕಾರರ ಅಧೀನದಲ್ಲಿ ಸೇವೆ ಸಲ್ಲಿಸಿದ್ದ ಅಧ್ಯಾಪಕರನ್ನು ಮತ್ತೆ ನೇಮಿಸಿಕೊಳ್ಳಲು ಅವರು ಒಪ್ಪಲಿಲ್ಲ. ಅಧಿಕಾರಸ್ಥರ ಮುಂದೆಯೂ ಅವರ ನಾಲಗೆ ಅಳುಕಲಿಲ್ಲ. ೧೯೪೭ರಲ್ಲಿ ಪ್ರಧಾನಮಂತ್ರಿ ಟಿ. ವಿ. ಸೂಂಗ್ ಅವರು ಪದವಿಯನ್ನು ಬಿಡಬೇಕೆಂದು ಬಹಿರಂಗವಾಗಿ ಬರೆದರು. ಎರಡೇ ವಾರಗಳಲ್ಲಿ ಸೂಂಗ್ ರಾಜೀನಾಮೆ ನೀಡಿದರು.

೧೯೪೯ರ ಜನವರಿಯಲ್ಲಿ ಫು ಅವರು ತೈವಾನ್ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಹೊಣೆ ಹೊತ್ತರು. ೧೯೫೦ರ ಡಿಸೆಂಬರ್ ೨೦ರಂದು ಪ್ರಾಂತೀಯ ಸಭೆಯಲ್ಲಿ ವಿಶ್ವವಿದ್ಯಾನಿಲಯದ ವಿಷಯವಾಗಿ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಿದ ಬಳಿಕ ಅಲ್ಲಿಯೇ ಕುಸಿದರು. ಆ ರಾತ್ರಿ ತೀರಿಕೊಂಡರು. ಆಗ ಅವರಿಗೆ ೫೪ ವರ್ಷ.

ಆ ವಿದ್ಯಾಲಯದ ಆವರಣದಲ್ಲಿ ಅವರ ಹೆಸರಿನ ಗಂಟೆಯೊಂದಿದೆ. ಅದು ೨೧ ಸಲ ಮೊಳಗುತ್ತದೆ. ದಿನದಲ್ಲಿರುವುದು ೨೧ ಗಂಟೆಗಳು ಮಾತ್ರ, ಉಳಿದ ಮೂರು ಚಿಂತನೆಗೆ ಮೀಸಲು ಎಂದು ಅವರು ಹೇಳುತ್ತಿದ್ದರಂತೆ. ಆ ನಾದವು ಇಂದಿಗೂ ವಿದ್ಯಾರ್ಥಿಗಳಿಗೆ ಆ ಮಾತನ್ನು ನೆನಪಿಸುತ್ತಿದೆ.