ಎರಡು ಹಾಳೆ, 64,800 ರೂಪಾಯಿ

2009ರ ಜೂನ್‌ನಲ್ಲಿ ಅಪ್ಪ ನೂರಕ್ಕೆ ಮೂರರಂತೆ 60,000 ರೂಪಾಯಿ ಸಾಲ ತಂದ. ಪಿಯುಸಿ ಮುಗಿಸಿ ನನಗೆ ಮೂರು ವರ್ಷದ ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಸೀಟು ಸಿಕ್ಕಿತ್ತು. ಮನೆಯಲ್ಲಿ ಕೂಡಿಟ್ಟದ್ದನ್ನೆಲ್ಲ ಸುರಿದ ಮೇಲೂ ಫೀಗೆ ಅಷ್ಟು ಕೊರತೆ ಬಿದ್ದಿತ್ತು. ‘ನೀ ಓದ್ ಮುಗಸೂತನಾ ಬಡ್ಡಿ ನಂದು, ಆಮ್ಯಾಗ ಅಸಲು ನಿಂದು’ ಅಂದ.

ತಿಂಗಳಿಗೆ 1,800 ರೂಪಾಯಿ ಬಡ್ಡಿ. ಮೂವತ್ತಾರು ತಿಂಗಳಿಗೆ 64,800. ಅಸಲಿಗಿಂತ ಬಡ್ಡಿಯೇ ಹೆಚ್ಚಾಯಿತು, ಅಸಲು ಮಾತ್ರ ಇದ್ದಲ್ಲೇ ಇತ್ತು.

ಅಪ್ಪ ಗೌಂಡಿ. ಬಾದಾಮಿ ತಾಲೂಕು ಬಿಟ್ಟು ಗೋವಾದ ಮ್ಹಾಪಸಾಕ್ಕೆ ಬಂದು ಆಗ ಹನ್ನೊಂದು ವರ್ಷವಾಗಿತ್ತು. ಅವ್ವ ಶುಕ್ರವಾರದ ಸಂತೆಯಲ್ಲಿ ಬೆಳಗಾವಿಯಿಂದ ಬರುವ ಕಾಯಿಪಲ್ಯೆ ಮಾರುತ್ತಿದ್ದಳು. ‘ಮಾಪ್’ ಅಂದರೆ ಅಳತೆ, ಅಳತೆ ತುಂಬಿ ಕೊಡುವ ಊರಾದ್ದರಿಂದ ಮ್ಹಾಪಸಾ ಎಂದು ಇಲ್ಲಿಯವರು ಹೆಸರಿನ ಅರ್ಥ ಹೇಳುತ್ತಾರೆ. ಅಂಥ ಊರಲ್ಲಿದ್ದೂ ಹನ್ನೊಂದು ವರ್ಷವನ್ನು ಅಳೆದು ತೋರಿಸುವ ಒಂದು ಚೀಟಿ ನಮ್ಮಲ್ಲಿರಲಿಲ್ಲ. ಖೋಲಿಯ ಕರಾರು ಬಾಯಿಮಾತಿನದು, ಲೈಟ್ ಬಿಲ್ಲು ಮಾಲೀಕರ ಹೆಸರಿನದು, ರೇಷನ್ ಕಾರ್ಡು ಊರಿನದು.

ಬ್ಯಾಂಕಿಗೆ ಹೋಗಿರಲಿಲ್ಲ ಅಂತಲ್ಲ. ವಿಳಾಸದ ದಾಖಲೆ ಕೇಳಿದರು, ತಿರುಗಿ ಬಂದೆವು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಅಡಮಾನ ಬೇಕಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ವರ್ಷಕ್ಕೆ 4.5 ಲಕ್ಷದೊಳಗೆ ವರಮಾನವಿರುವ ಮನೆಯ ಮಕ್ಕಳು ಮಾನ್ಯತೆ ಪಡೆದ ವೃತ್ತಿಪರ ಕೋರ್ಸಿಗೆ ಇಂಥ ಸಾಲ ಪಡೆದರೆ, ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಶುರುವಾದದ್ದು ಅದೇ 2009–10ರ ಸಾಲಿನಲ್ಲಿ. ವಿಳಾಸದ್ದೊಂದು, ವರಮಾನದ್ದೊಂದು, ಹೀಗೆ ಎರಡು ಹಾಳೆ ಕೈಯಲ್ಲಿದ್ದು ದಾರಿ ಗೊತ್ತಿದ್ದಿದ್ದರೆ ಆ 64,800 ಮನೆಯಲ್ಲೇ ಉಳಿಯುತ್ತಿತ್ತೇನೋ.

ಎರಡನೇ ವರ್ಷದಲ್ಲಿ ನಮ್ಮ ಓಣಿಯ ನಿವೃತ್ತ ಟೀಚರೊಬ್ಬರು ನನ್ನನ್ನು ಕೂರಿಸಿಕೊಂಡು ಒಂದೊಂದೇ ಅರ್ಜಿ ತುಂಬಿಸಿದರು. ಶ್ರಮಕ್ಕೆ ಬಿಡಿಗಾಸು ಮುಟ್ಟಲಿಲ್ಲ. ಆದರೆ ಝೆರಾಕ್ಸಿನ ಆರು ರೂಪಾಯಿಯನ್ನು ಎಣಿಸಿ ತೆಗೆದುಕೊಂಡು ವಹಿಯಲ್ಲಿ ಬರೆದರು. ದುಡ್ಡು ಕೊಟ್ಟು ಮಾಡಿಸಿದ ಕಾಗದವನ್ನು ನೀನು ಕಳೆಯುವುದಿಲ್ಲ ಎಂದು ಕೊಂಕಣಿಯಲ್ಲಿ ಹೇಳಿದ್ದು ನೆನಪಿದೆ. ಹದಿನೈದು ವರ್ಷ ಗೋವಾದಲ್ಲಿ ವಾಸವಿದ್ದುದಕ್ಕೆ ಮಾಮಲೇದಾರರ ಕಚೇರಿಯ ಪ್ರಮಾಣಪತ್ರ ಇಲ್ಲದೆ ಇಲ್ಲಿನ ಸರ್ಕಾರಿ ನೌಕರಿಯಾಗಲಿ ಹಲವು ಯೋಜನೆಗಳಾಗಲಿ ದಕ್ಕುವುದಿಲ್ಲ. ಮುಂದೆ ಅದಕ್ಕೆ ಅರ್ಜಿ ಹಾಕುವಾಗ ನಮ್ಮ ಕೈಹಿಡಿದದ್ದು ಟೀಚರ್ ಹುಡುಕಿಸಿ ಇಡಿಸಿದ್ದ ನನ್ನ ಶಾಲಾ ದಾಖಲೆಗಳು. ಘಟ್ಟದಾಚೆಯ ‘ಘಾಟಿ’ ಎಂದು ಹೀಯಾಳಿಸಿಕೊಂಡು ಕೂತಿದ್ದ ಆ ಬೆಂಚುಗಳೇ ನಾವು ಇಲ್ಲಿದ್ದೆವೆಂದು ಸಾಕ್ಷಿ ಹೇಳಿದವು.

ಈಗ ಭಾನುವಾರ ಬೆಳಗ್ಗೆ ಎರಡು ತಾಸು ನಾನೂ ಅರ್ಜಿ ತುಂಬಿಸುತ್ತೇನೆ. ವರ್ಷಕ್ಕೆ ಸುಮಾರು ನೂರು ತಾಸು. ಮನೆಯ ಬಜೆಟ್ಟಿನಲ್ಲಿ ಬಸ್ಸು, ಡೇಟಾ ಸೇರಿ ಇದಕ್ಕೆ ತಿಂಗಳಿಗೆ 400 ರೂಪಾಯಿ ಬೇರೆ ತೆಗೆದಿಡುತ್ತೇನೆ. ಸೇವೆಗೂ ಲೆಕ್ಕ ಬೇಕು. ಇಲ್ಲದಿದ್ದರೆ ಎರಡು ತಿಂಗಳಿಗೆ ದಣಿದು ಬಿಟ್ಟುಬಿಡುತ್ತೇವೆ. ಸಾಲ ತೀರುವ ಮೊದಲು ಇದಕ್ಕೆ ಕೈ ಹಾಕಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆಗ ನನ್ನ ಭಾನುವಾರಗಳು ಕೇಟರಿಂಗ್ ಕೂಲಿಗೆ ಹೋಗುತ್ತಿದ್ದವು.

ಹೋದ ವರ್ಷ ಮುದ್ದೇಬಿಹಾಳ ಕಡೆಯ ತಾಂಡಾದ ಹುಡುಗಿಯೊಬ್ಬಳು ಬಂದಳು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗೋವಾದ ಪಟ್ಟಿಯಲ್ಲಿ ಆ ಹೆಸರಿಲ್ಲ. ಇಲ್ಲಿ ಹಾಕಿದ್ದ ವಿದ್ಯಾರ್ಥಿವೇತನದ ಅರ್ಜಿ ವಾಪಸ್ ಬಂದಿತ್ತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಅರ್ಜಿದಾರರು ಯಾವ ರಾಜ್ಯದವರೋ ಆ ರಾಜ್ಯ ಕೊಡಬೇಕು, ಓದು ಎಲ್ಲಿಯದೇ ಇರಲಿ. ಅವಳ ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು ಎರಡೂ ಊರಿನವು. ಅರ್ಜಿಯನ್ನು ಕರ್ನಾಟಕಕ್ಕೆ ತಿರುಗಿಸಿದೆವು. ಆದರೆ ಅಲ್ಲಿಯವಳೆಂದು ಸಾಧಿಸಿದಷ್ಟೂ ಇಲ್ಲಿಯವಳೆಂದು ಹೇಳುವ ಬಾಯಿ ಕಟ್ಟುತ್ತದೆ. ಹಾಗಾಗಿ ವಲಸೆ ಬಂದವರಿಗೆ ನನ್ನ ಮೊದಲ ಹಣಕಾಸು ಸಲಹೆ ಆರ್‌ಡಿಯೂ ಅಲ್ಲ, ಚಿನ್ನವೂ ಅಲ್ಲ: ಮಗು ಹತ್ತನೇ ತರಗತಿಗೆ ಬರುವ ಮೊದಲೇ ಅದರ ಕಾಗದಪತ್ರ ಯಾವ ರಾಜ್ಯದಲ್ಲಿ ಬೆಳೆಯಬೇಕೆಂದು ಕೂತು ತೀರ್ಮಾನಿಸಿ. ರೇಷನ್ನಿನ ಆಸೆಗೆ ಈ ತೀರ್ಮಾನ ಮುಂದೂಡಬೇಡಿ. 2020ರ ಜನವರಿ 1ರಿಂದ ಗೋವಾ, ಕರ್ನಾಟಕ ಸೇರಿ 12 ರಾಜ್ಯಗಳಲ್ಲಿ ಒಂದೆಡೆಯ ಕಾರ್ಡಿಗೆ ಇನ್ನೊಂದೆಡೆ ಪಡಿತರ ಸಿಗುವ ವ್ಯವಸ್ಥೆ ಬಂದಿದೆ.

ಖೋಲಿಗೆ ಬರಹದ ಕರಾರು ಮಾಡಿಸಿಕೊಳ್ಳಿ. ಕಟ್ಟಡ ಕೆಲಸದವರು ದುಡಿದ ದಿನಗಳನ್ನು ಬರೆದಿಟ್ಟು ಮೇಸ್ತ್ರಿಯ ಸಹಿ ಹಾಕಿಸಿ. 18ರಿಂದ 60 ವರ್ಷದೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದೆಂದು 1996ರಲ್ಲೇ ಕಾನೂನಾಗಿತ್ತು. ಇಂಥ ಮಂಡಳಿಗಳು ಮಕ್ಕಳ ಓದಿಗೂ ನೆರವು ಕೊಡುತ್ತವೆ. ಅಪ್ಪ ಕಟ್ಟಿದ ಕಟ್ಟಡಗಳ ವೆಚ್ಚದಲ್ಲಿ ಕನಿಷ್ಠ ಶೇಕಡಾ 1ರಷ್ಟು ಸೆಸ್ ಹೋಗಬೇಕಾದದ್ದು ಅದೇ ನಿಧಿಗೆ. ಅವನಿಗದು ಗೊತ್ತಿರಲಿಲ್ಲ.

ಭಾನುವಾರದ ಮೇಜಿನ ಮೇಲೆ ನಾನೊಂದು ಹಳೆಯ ಡೈರಿ ಇಟ್ಟಿರುತ್ತೇನೆ. ಅಪ್ಪನ ಬಡ್ಡಿಯ ಡೈರಿ. ಮೂವತ್ತಾರು ತಾರೀಖು, ಮೂವತ್ತಾರು ಸಲ 1,800, ಪ್ರತಿಯೊಂದರ ಮುಂದೆ ಸಾಲ ಕೊಟ್ಟವರ ಸಹಿ. ಒಂದು ತಿಂಗಳೂ ತಪ್ಪದೆ ನಾವು ಮ್ಹಾಪಸಾದಲ್ಲಿ ಇದ್ದೆವೆಂದು ಹೇಳುವ ಕಾಗದ ನಮ್ಮ ಮನೆಯಲ್ಲಿ ಜೋಪಾನವಾಗಿ ಉಳಿದದ್ದು ಅದೊಂದೇ. ಅದನ್ನು ಯಾವ ಕಚೇರಿಯೂ ದಾಖಲೆ ಎನ್ನುವುದಿಲ್ಲ.